ಒಂದೇ ಔಷಧಿ, ಮೂರು ಬಾಟಲಿ: ಪಾಲಿಕೆಯ ಆರೋಗ್ಯ ಇಲಾಖೆಗೆ ಬಹಿರಂಗ ಪತ್ರ

ಮುಂಬೈ ಮಹಾನಗರ ಪಾಲಿಕೆಯ ಆರೋಗ್ಯ ಇಲಾಖೆಯ ಅಧಿಕಾರಿಗಳಿಗೆ, ಮತ್ತು ಈ ಊರಿನ ಕನ್ನಡ ಸಂಘಗಳ ಹಿರಿಯರಿಗೆ,

ನಮಸ್ಕಾರ.

ನಾನು ಪಾಲಿಕೆಯ ಕನ್ನಡ ಶಾಲೆಯಲ್ಲಿ 27 ವರ್ಷ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಿದವಳು. ಈಗ ನಿವೃತ್ತಿಯಾಗಿದ್ದೇನೆ, ಧಾರಾವಿಯಲ್ಲೇ ಇದ್ದೇನೆ. ನಮ್ಮ ಗಲ್ಲಿಯಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯಿಂದ ಬಂದ ಕುಟುಂಬಗಳು ಜಾಸ್ತಿ. ಗಂಡಸರು ಬೆಳಿಗ್ಗೆ ನಾಕಾದಲ್ಲಿ, ಅಂದರೆ ಕೂಲಿಯವರು ಸೇರುವ ಚೌಕದಲ್ಲಿ ನಿಂತು, ಕರೆದವರ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಹೆಂಗಸರಲ್ಲಿ ತುಂಬಾ ಜನ ಮನೆಗೆಲಸಕ್ಕೆ ಹೋಗುತ್ತಾರೆ. ಯಾವ ಕಾಗದ ಬಂದರೂ ಓದಿಸಿಕೊಳ್ಳಲು ನನ್ನ ಬಾಗಿಲಿಗೆ ಬರುತ್ತಾರೆ. ರೇಷನ್ ಕಾರ್ಡು, ಲೈಟ್ ಬಿಲ್ಲು, ಶಾಲೆಯ ನೋಟಿಸು. ಔಷಧಿ ಬಾಟಲಿಯನ್ನು ಮಾತ್ರ ಯಾರೂ ಓದಿಸಿಕೊಳ್ಳಲು ತರುವುದಿಲ್ಲ. ಅದು ಗೊತ್ತಿರುವ ವಿಷಯ ಅಂದುಕೊಂಡಿರುತ್ತಾರೆ.

ಕಳೆದ ಮಳೆಗಾಲದಲ್ಲಿ ಒಬ್ಬಳು ತಂದಳು. ಸಂಜೆ ಏಳು ಗಂಟೆ ಇರಬಹುದು. ಕೈಯಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಖಾಲಿ ಬಾಟಲಿ. "ಟೀಚರ್, ಔಷದ ಮುಗದ್ಹೋಗ್ಯಾದ್ರಿ. ಇದರ ಹೆಸರೊಂದು ಬರ್ದು ಕೊಡ್ರಿ, ಇನ್ನೊಂದು ತರಸ್ತೀನಿ" ಅಂದಳು. ಮಗುವಿಗೆ ಒಂದೂವರೆ ವರ್ಷ, ಹಿಂದಿನ ದಿನದಿಂದ ಉರಿಜ್ವರ. ಯಾವಾಗ ತಂದದ್ದು ಅಂತ ಕೇಳಿದೆ. ಬೆಳಿಗ್ಗೆ ತಂದದ್ದು ಅಂದಳು. 15 ಎಂ.ಎಲ್. ಬಾಟಲಿ ಒಂದೇ ದಿನಕ್ಕೆ ಖಾಲಿ.

ಕನ್ನಡಕ ಹಾಕಿಕೊಂಡು ಓದಿದೆ. ಪ್ಯಾರಸಿಟಮಾಲ್ ಡ್ರಾಪ್ಸ್. 1 ಎಂ.ಎಲ್.ನಲ್ಲಿ 100 ಎಂ.ಜಿ. ಇದರ ಜೊತೆ ಬಂದ ಡ್ರಾಪರ್ ಎಲ್ಲಿ ಅಂದೆ. "ಅದು ಕಣ್ಣಿಗೆ ಹಾಕೂದು ಅಂತ ತೆಗದಿಟ್ಟೀನ್ರಿ" ಅಂದಳು. ಮತ್ತೆ ಯಾವುದರಲ್ಲಿ ಕುಡಿಸಿದೆ? ಸೆರಗಿನ ಗಂಟು ಬಿಚ್ಚಿ ಒಂದು ಪ್ಲಾಸ್ಟಿಕ್ ಮುಚ್ಚಳ ತೆಗೆದು ತೋರಿಸಿದಳು. ಹೋದ ಸಲ ಜ್ವರ ಬಂದಾಗ ಡಾಕ್ಟರು ಬರೆದುಕೊಟ್ಟ ಸಿರಪ್ಪಿನ ಮುಚ್ಚಳ. ಅದರಲ್ಲಿ 5ರ ಗೆರೆಯನ್ನು ಉಗುರಿನಿಂದ ತೋರಿಸಿ, "ಇಲ್ಲೀ ಮಟಾನೇ ಹಾಕೀನ್ರಿ, ಹೆಚ್ಚಿಲ್ಲ ಕಮ್ಮಿಲ್ಲ. ದಿನಕ್ಕ ಮೂರು ಸಲ" ಅಂದಳು.

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಡಾಕ್ಟರು ಆವತ್ತು ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು. ಮುಚ್ಚಳವನ್ನು ಜೋಪಾನ ಮಾಡಿದ್ದಳು. ಗೆರೆ ನೋಡಿ ಅಳೆದಿದ್ದಳು. ಆದರೆ ಹಳೆಯ ಸಿರಪ್ಪಿನಲ್ಲಿ 5 ಎಂ.ಎಲ್.ಗೆ 125 ಎಂ.ಜಿ. ಔಷಧಿ ಇತ್ತು. ಈ ಡ್ರಾಪ್ಸಿನಲ್ಲಿ ಅದೇ 5 ಎಂ.ಎಲ್.ಗೆ 500 ಎಂ.ಜಿ. ಒಂಬತ್ತು ಕಿಲೋ ತೂಕದ ಮಗುವಿನ ಹೊಟ್ಟೆಗೆ ಬೆಳಿಗ್ಗೆಯಿಂದ ಸಂಜೆಯೊಳಗೆ 1,500 ಎಂ.ಜಿ. ಹೋಗಿತ್ತು.

ಮಗು ಅವಳ ಸೊಂಟದ ಮೇಲೆ ಕೂತು ನನ್ನ ಕನ್ನಡಕ ಎಳೆಯಲು ನೋಡುತ್ತಿತ್ತು. ಜ್ವರ ಇಳಿದಿತ್ತು. ನೋಡಿದವರು ಹುಷಾರಾಗಿದೆ ಅನ್ನಬೇಕು, ಹಾಗಿತ್ತು. ಪ್ಯಾರಸಿಟಮಾಲ್ ಜಾಸ್ತಿಯಾದಾಗ ಇದೇ ಭಯ. ಮೊದಲ ದಿನ ಮಗು ಚೆನ್ನಾಗಿಯೇ ಕಾಣುತ್ತದೆ, ಅಥವಾ ಬರೀ ಒಂದೆರಡು ಸಲ ವಾಂತಿ ಮಾಡುತ್ತದೆ. ಲಿವರಿಗೆ ಆದ ಪೆಟ್ಟು ಎರಡನೇ ಮೂರನೇ ದಿನ ಹೊರಗೆ ಕಾಣುತ್ತದೆ. ಇದಕ್ಕೆ ಮದ್ದು ಇದೆ. ಎಂಟು ಗಂಟೆಯೊಳಗೆ ಶುರುವಾದರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಟ್ಯಾಕ್ಸಿ ಹಿಡಿದು ದೊಡ್ಡಾಸ್ಪತ್ರೆಗೆ ಓಡಿದೆವು. ಖಾಲಿ ಬಾಟಲಿ, ಮುಚ್ಚಳ ಎರಡನ್ನೂ ಜೊತೆಗೆ ಒಯ್ದೆ. ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಏನೂ ಮಾತಾಡದೆ ಡ್ರಿಪ್ ಹಾಕಲು ಹೇಳಿದರು. ನಾಲ್ಕು ದಿನ ಇಟ್ಟುಕೊಂಡರು. ಮಗು ಉಳಿಯಿತು. ಈಗ ಗಲ್ಲಿಯಲ್ಲಿ ಓಡಾಡಿಕೊಂಡಿದೆ.

ಆ ತಾಯಿ ನಾಲ್ಕೂ ದಿನ ಒಂದೇ ಮಾತು ಕೇಳಿದಳು. "ನಾ ಏನ್ ತಪ್ಪು ಮಾಡೀನ್ರಿ ಟೀಚರ್?" ಅವಳ ತಪ್ಪು ಏನೂ ಇರಲಿಲ್ಲ. ಅದನ್ನೇ ತಮ್ಮ ಮುಂದೆ ಹೇಳಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ.

ಮಕ್ಕಳ ಜ್ವರಕ್ಕೆ ಪ್ಯಾರಸಿಟಮಾಲ್ ಒಳ್ಳೆಯ ಔಷಧಿ. ಅಳತೆ ಸರಿಯಿದ್ದರೆ ಇಷ್ಟು ಭಯವಿಲ್ಲದ ಔಷಧಿ ಬೇರೆ ಸಿಗುವುದು ಕಷ್ಟ. ಅಳತೆ ಇರುವುದು ಮಗುವಿನ ತೂಕದ ಮೇಲೆ. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಎಂ.ಜಿ. ಎರಡು ಸಲದ ನಡುವೆ ನಾಲ್ಕರಿಂದ ಆರು ಗಂಟೆ ಅಂತರ. 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಹತ್ತು ಕಿಲೋ ಮಗು ಅಂತ ಇಟ್ಟುಕೊಳ್ಳಿ, ಒಂದು ಸಲಕ್ಕೆ ಹೆಚ್ಚೆಂದರೆ 150 ಎಂ.ಜಿ. ಬೇಕು. ಮೆಡಿಕಲ್ ಶಾಪಿನಲ್ಲಿ ಮೂರು ಥರದ ಬಾಟಲಿ ಸಿಗುತ್ತದೆ. 5 ಎಂ.ಎಲ್.ಗೆ 125 ಇರುವ ಸಿರಪ್ಪಾದರೆ 6 ಎಂ.ಎಲ್. ಕೊಡಬೇಕು. 250 ಇರುವ ಸಿರಪ್ಪಾದರೆ 3 ಎಂ.ಎಲ್. ಸಾಕು. ಡ್ರಾಪ್ಸಾದರೆ ಒಂದೂವರೆ ಎಂ.ಎಲ್. ಔಷಧಿ ಒಂದೇ, ಮಗು ಒಂದೇ, ಅಳತೆ ಮಾತ್ರ ಆರು, ಮೂರು, ಒಂದೂವರೆ. ಯಾವುದರಲ್ಲಿ ಎಷ್ಟು ಔಷಧಿ ಇದೆ ಅಂತ ಬಾಟಲಿಯ ಮೇಲೆ ಬರೆದಿರುತ್ತಾರೆ. ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ.

ಕಡಿಮೆ ಕೊಡುವುದೂ ಇಷ್ಟೇ ನಡೆಯುತ್ತದೆ. ನಮ್ಮ ಮನೆಗಳಲ್ಲಿ ಇನ್ನೂ ಒಳಲೆ ಇದೆ. ಅಜ್ಜಿ ಕೊಟ್ಟ ಬೆಳ್ಳಿಯದೋ ಹಿತ್ತಾಳೆಯದೋ. ಮಗುವಿಗೆ ಏನು ಕುಡಿಸುವುದಿದ್ದರೂ ಅದರಲ್ಲೇ. ಆ ಘಟನೆ ಆದ ಮೇಲೆ ನಾನು ಒಂದು ಸಿರಿಂಜು ತಂದು ನಮ್ಮ ಗಲ್ಲಿಯ ಮೂರು ಮನೆಯ ಒಳಲೆ ಅಳೆದೆ. ಒಂದು 8 ಎಂ.ಎಲ್. ಹಿಡಿಯಿತು, ಇನ್ನೊಂದು 11, ಮತ್ತೊಂದು 14. ಮೂವರೂ "ಅರ್ಧ ಒಳಲೆ ಕೊಡ್ತೀವಿ" ಅನ್ನುವವರೇ. ಅಡುಗೆಮನೆಯ ಚಮಚದ ಕಥೆಯೂ ಅದೇ. ಕಡಿಮೆ ಬಿದ್ದರೆ ಜ್ವರ ಇಳಿಯುವುದಿಲ್ಲ, ಆಮೇಲೆ ಗಾಬರಿಯಲ್ಲಿ ಎರಡು ಗಂಟೆಗೊಂದು ಸಲ ಕುಡಿಸುತ್ತಾರೆ. ರಾತ್ರಿ ಅಜ್ಜಿ ಒಂದು ಸಲ, ತಾಯಿ ಒಂದು ಸಲ. ಕೊಟ್ಟದ್ದು ಒಬ್ಬರಿಗೊಬ್ಬರು ಹೇಳುವುದಿಲ್ಲ.

ಇನ್ನೊಂದು ಥರದ ಬಾಟಲಿ ಇದೆ. ಐಬುಪ್ರೊಫೇನ್ ಅನ್ನುವ ಬೇರೊಂದು ಜ್ವರದ ಔಷಧಿ ಮತ್ತು ಪ್ಯಾರಸಿಟಮಾಲ್ ಎರಡೂ ಬೆರೆಸಿದ್ದು. ಅಂಗಡಿಯವರು "ಸ್ಟ್ರಾಂಗ್ ಇದೆ" ಅಂತ ಕೊಡುತ್ತಾರೆ. ಮನೆಯಲ್ಲಿ ಮೊದಲೇ ಪ್ಯಾರಸಿಟಮಾಲ್ ನಡೆಯುತ್ತಿರುತ್ತದೆ, ಮೇಲಿಂದ ಇದೂ ಸೇರುತ್ತದೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಿರುವ ಪ್ಯಾರಸಿಟಮಾಲ್ ಅದೇ. ಜುಲೈಯಿಂದ ಅಕ್ಟೋಬರಿನವರೆಗೆ ಈ ಊರಿನಲ್ಲಿ ಡೆಂಗಿ ಇರುತ್ತದೆ ಅಂತ ತಮಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಡೆಂಗಿ ಅನುಮಾನ ಇದ್ದಾಗ ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್, ಆಸ್ಪಿರಿನ್ ಕೊಡಬಾರದು, ರಕ್ತಸ್ರಾವದ ಭಯ ಜಾಸ್ತಿ. ಆಸ್ಪಿರಿನ್ನಂತೂ ಮಕ್ಕಳ ಫ್ಲೂಗೆ, ಸೀತಾಳೆ ಸಿಡುಬಿಗೆ ಕೊಡಲೇಬಾರದು. ಲಿವರಿಗೂ ಮೆದುಳಿಗೂ ಪೆಟ್ಟು ಕೊಡುವ ರೇಯ್ಸ್ ಸಿಂಡ್ರೋಮ್ ಬರಬಹುದು. ನಿಮೆಸುಲೈಡ್ ಅನ್ನುವ ಜ್ವರದ ಔಷಧಿಯನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಕೇಂದ್ರ ಸರಕಾರ 2011ರಲ್ಲೇ ನಿಷೇಧಿಸಿದೆ. ಇದೆಲ್ಲ ಡಾಕ್ಟರುಗಳಿಗೆ ಗೊತ್ತು, ಅಂಗಡಿಯವರಿಗೂ ಗೊತ್ತಿರಬೇಕು. ರಾತ್ರಿ ಹತ್ತು ಗಂಟೆಗೆ ಚೀಟಿ ಇಲ್ಲದೆ ಅಂಗಡಿ ಮುಂದೆ ನಿಂತ ತಾಯಿಗೆ ಗೊತ್ತಿಲ್ಲ.

ಜ್ವರದ ಬಗ್ಗೆ ನಮ್ಮ ಜನರಿಗೆ ಇರುವ ಹೆದರಿಕೆಯನ್ನೂ ಹೇಳಬೇಕು. ಅಳತೆ ತಪ್ಪುವುದು ಆ ಹೆದರಿಕೆಯಿಂದಲೇ ಅಲ್ವಾ?

ಜ್ವರ ತಲೆಗೇರುತ್ತದೆ, ಮಿದುಳು ಸುಟ್ಟುಹೋಗುತ್ತದೆ ಅಂತ ನಂಬಿದವರು ತುಂಬಾ ಜನ. ನಾನೂ ನಂಬಿದ್ದೆ. ಸಾಮಾನ್ಯ ವೈರಲ್ ಜ್ವರ 103, 104ಕ್ಕೆ ಹೋದರೂ ಮಿದುಳಿಗೆ ಏನೂ ಆಗುವುದಿಲ್ಲ. ವೈರಸ್ಸಿನ ಜೊತೆ ಹೋರಾಡುವಾಗ ಮೈ ತಾನೇ ಬಿಸಿ ಏರಿಸಿಕೊಳ್ಳುತ್ತದೆ. 100.4 ಡಿಗ್ರಿ ದಾಟಿದರೆ ಜ್ವರ ಅನ್ನುತ್ತಾರೆ. ಆದರೆ 101 ಇದ್ದೂ ಮಗು ಆಡುತ್ತಾ, ಹಾಲು ಕುಡಿಯುತ್ತಾ ಇದ್ದರೆ ಔಷಧಿ ಬೇಕೇಬೇಕು ಅಂತೇನಿಲ್ಲ. ಔಷಧಿ ಕೊಡುವುದು ಮಗುವಿಗೆ ಸ್ವಲ್ಪ ಆರಾಮ ಆಗಲಿ ಅಂತ. ಥರ್ಮಾಮೀಟರಿನ ಅಂಕಿಯನ್ನು 98ಕ್ಕೆ ಇಳಿಸಲೇಬೇಕು ಅಂತಲ್ಲ. ನಿದ್ದೆ ಮಾಡುತ್ತಿರುವ ಮಗುವನ್ನು ಎಬ್ಬಿಸಿ ಕುಡಿಸುವ ಅಗತ್ಯವೂ ಇಲ್ಲ.

ನಮ್ಮ ಖೋಲಿಗಳಲ್ಲಿ ಜ್ವರ ಬಂದ ಮಗುವನ್ನು ಹೇಗೆ ಮಲಗಿಸುತ್ತಾರೆ ಅಂತ ತಾವು ಒಮ್ಮೆ ಬಂದು ನೋಡಬೇಕು. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ತಲೆಗೆ ಉಲ್ಲನ್ ಕುಲಾವಿ, ಸ್ವೆಟರು, ಮೇಲೆ ಕಂಬಳಿ. ಮೇಲಿನ ತಗಡಿನ ಚಾವಣಿಯ ಕಾವು ಬೇರೆ. ಬೆವರಿದರೆ ಜ್ವರ ಬಿಡುತ್ತದೆ ಅನ್ನುವ ನಂಬಿಕೆ. ಬಿಸಿ ಹೊರಗೆ ಹೋಗಲು ಜಾಗವೇ ಇರುವುದಿಲ್ಲ. ತೆಳ್ಳನೆಯ ಹತ್ತಿ ಅಂಗಿ ಒಂದು ಸಾಕು. ಇನ್ನು ಕೆಲವರು ಫ್ರಿಜ್ಜಿನ ತಣ್ಣೀರಲ್ಲಿ ಬಟ್ಟೆ ಅದ್ದಿ ಮೈಯೆಲ್ಲ ಒರೆಸುತ್ತಾರೆ. ಮಗು ಗಡಗಡ ನಡುಗುತ್ತದೆ. ನಡುಗಿದರೆ ಮೈ ಒಳಗಿನ ಬಿಸಿ ಇನ್ನೂ ಏರುತ್ತದೆ. ಒರೆಸಲೇಬೇಕಾದರೆ ಉಗುರುಬೆಚ್ಚಗಿನ ನೀರು.

ಎಲ್ಲಕ್ಕಿಂತ ಮುಖ್ಯ ಕುಡಿಸುವುದು. ಎದೆಹಾಲು ನಿಲ್ಲಿಸಬಾರದು. ಆರು ತಿಂಗಳು ದಾಟಿದ ಮಗುವಿಗೆ ಗಂಜಿ ತಿಳಿ, ಬೇಳೆಕಟ್ಟು, ಎಳನೀರು, ಒ.ಆರ್.ಎಸ್. ಯಾವುದಾದರೂ ಸರಿ, ಗುಟುಕು ಗುಟುಕಾಗಿ. ಒಂದೇ ಸಲ ಲೋಟ ತುಂಬ ಕುಡಿಸಲು ಹೋದರೆ ವಾಂತಿ ಆಗುತ್ತದೆ. ಮಗು ಉಚ್ಚೆ ಹೊಯ್ಯುತ್ತಿದೆಯೇ ಅಂತ ನೋಡುತ್ತಿರಬೇಕು. ಆರೆಂಟು ಗಂಟೆ ಹೊಯ್ಯದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

"ವೈರಲ್ ಆಗಿದೆ" ಅನ್ನುವ ಒಂದು ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಯಾವ ವೈರಲ್ಲು, ಎಷ್ಟು ದಿನ, ಮುಂದೆ ಏನು ನೋಡಬೇಕು, ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕೈ ಕಾಲು ಬಾಯಿ ರೋಗದಲ್ಲಿ ಒಂದೆರಡು ದಿನ ಜ್ವರ, ಆಮೇಲೆ ಅಂಗೈ, ಅಂಗಾಲು, ಬಾಯಿಯಲ್ಲಿ ಗುಳ್ಳೆ. ಏಳರಿಂದ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. 2022ರಲ್ಲಿ ಕೇರಳದ ಕೊಲ್ಲಂ ಕಡೆ ಟೊಮೆಟೊ ಜ್ವರ ಅಂತ ಗುಲ್ಲೆದ್ದಾಗ ನಮ್ಮಲ್ಲೂ ಜನ ಹೆದರಿದ್ದರು. ಅದು ಈ ರೋಗದ್ದೇ ಒಂದು ರೂಪ ಅಂತ ಆಮೇಲೆ ಗೊತ್ತಾಯಿತು. ಇನ್ನೊಂದು ಜ್ವರ ಇದೆ, ರೋಸಿಯೋಲಾ. ಆರು ತಿಂಗಳಿಂದ ಎರಡು ವರ್ಷದ ಮಕ್ಕಳಿಗೆ ಜಾಸ್ತಿ. ಮೂರರಿಂದ ಐದು ದಿನ ಮೈ ಕೆಂಡ. ಜ್ವರ ಪೂರ್ತಿ ಬಿಟ್ಟ ಮೇಲೆ ಎದೆ ಬೆನ್ನಿನ ಮೇಲೆ ತೆಳು ಗುಲಾಬಿ ಕಲೆ ಏಳುತ್ತದೆ. ತಾಯಂದಿರು ಔಷಧಿಯಿಂದ ನಂಜಾಯಿತು ಅಂತ ಗಾಬರಿಯಾಗುತ್ತಾರೆ. ಅದು ರೋಗ ಮುಗಿಯುತ್ತಾ ಬಂದ ಗುರುತು. ಇವೆರಡಕ್ಕೂ ಆಂಟಿಬಯೋಟಿಕ್ ಬೇಡ. ಕೊಟ್ಟರೂ ಕೆಲಸ ಮಾಡುವುದಿಲ್ಲ.

ಆದರೆ ಎಲ್ಲವನ್ನೂ ವೈರಲ್ ಅಂತ ಬಿಟ್ಟುಬಿಡುವ ಹಾಗೂ ಇಲ್ಲ. 2022ರ ಕೊನೆಯಲ್ಲಿ ಗೋವಂಡಿಯಲ್ಲಿ ದಡಾರ ಹಬ್ಬಿ ಎಳೆಮಕ್ಕಳು ಸತ್ತದ್ದು ತಾವೂ ಮರೆತಿರಲಾರಿರಿ. ಅದೂ ವೈರಸ್ಸೇ. ಲಸಿಕೆ ತಪ್ಪಿದ ಮಕ್ಕಳನ್ನೇ ಅದು ಹುಡುಕಿಕೊಂಡು ಹೋಯಿತು. ಡೆಂಗಿಯಲ್ಲಂತೂ ಜ್ವರ ಇಳಿದ ದಿನವೇ ಹೆಚ್ಚು ಎಚ್ಚರ ಬೇಕು. ಮೂರರಿಂದ ಏಳನೇ ದಿನದ ನಡುವೆ ಜ್ವರ ಬಿಡುತ್ತಿದ್ದ ಹಾಗೆ ಹೊಟ್ಟೆನೋವು, ನಿಲ್ಲದ ವಾಂತಿ, ಕೈಕಾಲು ತಣ್ಣಗಾಗುವುದು, ವಸಡಿನಲ್ಲಿ ರಕ್ತ ಕಂಡರೆ ಒಂದು ಗಂಟೆಯೂ ತಡ ಮಾಡಬಾರದು. "ಜ್ವರ ಬಿಟ್ಟದ, ಇನ್ನೇನ್ ಚಿಂತಿಲ್ಲ" ಅಂತ ಕೆಲಸಕ್ಕೆ ಹೋದ ತಾಯಂದಿರನ್ನು ನಾನು ನೋಡಿದ್ದೇನೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೂ ಮನೆಯಲ್ಲಿ ಕಾಯಬಾರದು. ಉಸಿರು ಜೋರಾದರೆ, ಪಕ್ಕೆ ಒಳಗೆ ಸೆಳೆದರೆ, ಎಬ್ಬಿಸಿದರೂ ಕಣ್ಣು ಬಿಡದಿದ್ದರೆ, ಮೂರು ದಿನ ದಾಟಿದರೂ ಜ್ವರ ಬಿಡದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ನನ್ನ ಮಗನಿಗೆ ಎರಡು ವರ್ಷ ಇದ್ದಾಗ ಜ್ವರದಲ್ಲಿ ಫಿಟ್ಸ್ ಬಂತು. ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದುಕೊಂಡ. ಸತ್ತೇ ಹೋದ ಅಂದುಕೊಂಡೆ. ಅತ್ತೆ ಅಂಗೈಗೆ ಕಬ್ಬಿಣದ ಬೀಗದಕೈ ಒತ್ತಿದರು, ಪಕ್ಕದ ಮನೆಯವರು ಹಲ್ಲಿನ ನಡುವೆ ಚಮಚ ತುರುಕಿದರು. ಹಾಲುಹಲ್ಲೊಂದು ಮುರಿಯಿತು. ಎರಡು ನಿಮಿಷಕ್ಕೆ ಫಿಟ್ಸ್ ತಾನೇ ನಿಂತಿತು. ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಹೀಗೆ ಆಗುತ್ತದೆ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಂಬುಲೆನ್ಸಿಗೆ 108. ಬೇಗ ನಿಂತರೂ ಆವತ್ತೇ ಡಾಕ್ಟರಿಗೆ ತೋರಿಸಬೇಕು. ನನ್ನ ಮಗನಿಗೆ ಈಗ ಅವನದೇ ಮಕ್ಕಳಿದ್ದಾರೆ. ಆ ಎರಡು ನಿಮಿಷ ಮಾತ್ರ ನನ್ನ ಮೈಯಿಂದ ಇನ್ನೂ ಹೋಗಿಲ್ಲ.

ಈಗ ನನ್ನ ಬೇಡಿಕೆ.

ಪ್ರತಿ ಮಗುವಿಗೂ ಪಾಲಿಕೆಯ ಲಸಿಕೆ ಕಾರ್ಡ್ ಇದೆ. ತಾಯಂದಿರು ಅದನ್ನು ಬಂಗಾರದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿರುತ್ತಾರೆ. ಲಸಿಕೆಗೆ ಬಂದಾಗ ಮಗುವಿನ ತೂಕ ನೋಡುತ್ತೀರಿ. ಲಸಿಕೆ ಹಾಕಿದ ಮೇಲೆ ಜ್ವರ ಬಂದರೆ ಕೊಡಿ ಅಂತ ಪ್ಯಾರಸಿಟಮಾಲೂ ಹೇಳುತ್ತೀರಿ. ತಾಯಿ, ಮಗು, ತೂಕ, ಔಷಧಿ ನಾಲ್ಕೂ ಒಂದೇ ಕೋಣೆಯಲ್ಲಿ ಇರುವ ಹೊತ್ತು ಅದು. ಆ ಕಾರ್ಡಿನ ಹಿಂಬದಿಗೆ ಒಂದು ಅಂಗೈ ಅಗಲದ ಚೀಟಿ ಅಂಟಿಸಿ. ಎಡಗಡೆ ತೂಕ, ಬಲಗಡೆ ಮೂರು ಬಾಟಲಿಯ ಚಿತ್ರ, ಪ್ರತಿ ಬಾಟಲಿಯ ಕೆಳಗೆ ಎಷ್ಟು ಎಂ.ಎಲ್. ಅಂತ ಅಂಕಿ. ಕೆಳಗೆ ಯಾವಾಗ ಆಸ್ಪತ್ರೆಗೆ ಓಡಬೇಕು ಅಂತ ನಾಲ್ಕು ಸಾಲು. ಜೊತೆಗೆ ಗೆರೆ ಇರುವ, ಸೂಜಿ ಇಲ್ಲದ ಒಂದು ಸಿರಿಂಜು ಕೊಡಿ. ಅದರ ಮೇಲೆ ಈ ತಿಂಗಳ ಅಳತೆಗೆ ನರ್ಸಮ್ಮ ಪೆನ್ನಿನಿಂದ ಒಂದು ಗೀಟು ಹಾಕಿಕೊಟ್ಟರೆ ಓದಲು ಬಾರದವರಿಗೂ ಸಾಕು. ಪಾಲಿಕೆಯ ದವಾಖಾನೆಗಳಲ್ಲಿ ಮಕ್ಕಳಿಗೆ ಒಂದೇ ಶಕ್ತಿಯ ಸಿರಪ್ ಇಡಲು ಆಗುತ್ತದೆಯೇ ಅಂತಲೂ ಯೋಚಿಸಿ. ಮೆಡಿಕಲ್ ಅಂಗಡಿಗಳು ಆಹಾರ, ಔಷಧಿಗಳ ಮೇಲೆ ಕಣ್ಣಿಡುವ ರಾಜ್ಯದ ಇಲಾಖೆಯಾದ ಎಫ್‌ಡಿಎ ಕೆಳಗೆ ಬರುತ್ತವೆ, ತಮ್ಮ ಕೈಯಲ್ಲಿಲ್ಲ ಅಂತ ಗೊತ್ತು. ಆದರೆ ಮಗುವಿನ ತೂಕ ಕೇಳಿ, ಬಾಟಲಿ ಮೇಲೆ ಎಂ.ಎಲ್. ಬರೆದುಕೊಡಿ ಅಂತ ಅಂಗಡಿಯವರಿಗೆ ಹೇಳಲು ತಾವು ಆ ಇಲಾಖೆಗೆ ಒಂದು ಪತ್ರ ಬರೆಯಬಹುದು.

ಚೀಟಿ ಕನ್ನಡದಲ್ಲೂ ಇರಲಿ. ಮರಾಠಿ, ಹಿಂದಿ ಇದ್ದರೆ ಸಾಕಲ್ವಾ ಅಂತ ಕೇಳಬಹುದು. ಪಾಲಿಕೆ ಎಂಟು ಭಾಷೆಯಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಅಲ್ಲಿ ಓದಿದ ಹುಡುಗಿಯರೇ ಈಗ ತಾಯಂದಿರಾಗಿದ್ದಾರೆ. ತಾವು ಕಲಿಸಿದ ಅಕ್ಷರದಲ್ಲೇ ತಮ್ಮ ಚೀಟಿ ಇರಲಿ ಅಂತ ಕೇಳುತ್ತಿದ್ದೇನೆ. ತೆಲುಗು, ತಮಿಳು, ಉರ್ದು, ಗುಜರಾತಿ ತಾಯಂದಿರಿಗೂ ಇದೇ ಮಾತು.

ಆಗದ ಕೆಲಸ ಇದಲ್ಲ. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದ ಮೇಲೆ ಶಿಕ್ಷಕರಾದ ನಾವೂ ಬೂತಿನಲ್ಲಿ ಕೂತವರು. ಎರಡು ಹನಿ. ಒಂದಲ್ಲ, ಮೂರಲ್ಲ, ಎರಡು. ಈ ಊರಿನ ಪ್ರತಿ ಖೋಲಿಯ ಪ್ರತಿ ತಾಯಿಗೂ, ಅವಳ ಭಾಷೆ ಯಾವುದೇ ಇರಲಿ, ಆ ಅಳತೆ ಗೊತ್ತಾಯಿತು. 2014ರಲ್ಲಿ ದೇಶಕ್ಕೆ ಪೋಲಿಯೊಮುಕ್ತ ಅಂತ ಪ್ರಮಾಣಪತ್ರ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದೆವು. ಹಾಗೆ ಮನೆ ಮನೆಗೆ ಅಳತೆ ಮುಟ್ಟಿಸಿದವರು ತಾವೇ.

ಸಂಘಗಳ ಹಿರಿಯರಲ್ಲಿ ಒಂದು ಮಾತು. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಇವೆಲ್ಲ ಈ ಊರಿನ ಕನ್ನಡದವರ ಮನೆಗಳು. ನಮ್ಮವರಲ್ಲೇ ಮಕ್ಕಳ ಡಾಕ್ಟರುಗಳು ಬೇಕಾದಷ್ಟು ಜನ ಇದ್ದಾರೆ. ರಾಜ್ಯೋತ್ಸವದ ದಿನ ಅರ್ಧ ಗಂಟೆ ಅವರಿಗೆ ಬಿಟ್ಟುಕೊಡಿ. ಸಭಾಂಗಣಕ್ಕೆ ಬಾರದವರು ನಾಕಾದಲ್ಲಿ, ಚಾಳಿನಲ್ಲಿ, ಕಟ್ಟಡದ ಕೆಲಸದ ಜಾಗದಲ್ಲಿ ಇದ್ದಾರೆ, ಅಲ್ಲಿಗೆ ನಾನು ಕರೆದುಕೊಂಡು ಹೋಗುತ್ತೇನೆ.

ಚೀಟಿಯ ಒಂದು ನಮೂನೆಯನ್ನು ನಾನೇ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. 5 ಕಿಲೋದಿಂದ 15 ಕಿಲೋವರೆಗೆ ಲೆಕ್ಕ ಹಾಕಿದ್ದೇನೆ. ನಾನು ಡಾಕ್ಟರಲ್ಲ, ತಮ್ಮ ಮಕ್ಕಳ ವೈದ್ಯರು ಒಂದೊಂದು ಅಂಕಿಯನ್ನೂ ನೋಡಿ ತಿದ್ದಬೇಕು. ಅಕ್ಷರ ಮಾತ್ರ ಇಷ್ಟೇ ದೊಡ್ಡದಾಗಿರಲಿ. ಮೊದಲ ನಮೂನೆಯನ್ನು ಆ ಮಗುವಿನ ತಾಯಿಗೇ ತೋರಿಸಿದೆ. ಡ್ರಾಪ್ಸ್ ಬಾಟಲಿಯ ಚಿತ್ರದ ಪಕ್ಕ ಡ್ರಾಪರಿನ ಚಿತ್ರವನ್ನೂ ಬರೆಯಿರಿ, ಅದು ಕಣ್ಣಿಗಲ್ಲ ಬಾಯಿಗೆ ಅಂತ ತಿಳಿಯಲಿ ಅಂದಳು. ಬರೆದಿದ್ದೇನೆ.

ಇಂತಿ,
ನಿವೃತ್ತ ಕನ್ನಡ ಶಾಲಾ ಶಿಕ್ಷಕಿ
ಧಾರಾವಿ, ಮುಂಬೈ